ಬನಶಂಕರಮ್ಮನ ಸೀಟು

ಫೋಮಿನ ಮೂಲೆ ಕೂರಲಿಲ್ಲ. ಆದಿನಾರಾಯಣ ಗವಸಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಒತ್ತಿದ, ಎಳೆದ, ಕಡೆಗೆ ಪೂರ್ತಿ ಹೊರಗೆ ತೆಗೆದು ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದ. ಹಾಳೆ ಸುತ್ತಿದರೆ ಫೋಮು ಬಟ್ಟೆಗೆ ಕಚ್ಚಿಕೊಳ್ಳದೆ ಜಾರಿ ಒಳಗೆ ಹೋಗುತ್ತದೆ, ಆಮೇಲೆ ಹಾಳೆಯನ್ನಷ್ಟೇ ಮೆಲ್ಲಗೆ ಎಳೆದುಕೊಂಡರೆ ಮುಗಿಯಿತು. ಹಿಂದೂಪುರದಲ್ಲಿ ಅದೆಷ್ಟೋ ಮನೆಗಳ ಸೋಫಾಗಳಿಗೆ ಹೀಗೆ ತುಂಬಿದವನು ಇವತ್ತು ಹಾಳೆ ಸುತ್ತುವುದನ್ನೇ ಮರೆತಿದ್ದ.

ಬಾಗಿಲಲ್ಲಿ ದಾಸಣ್ಣ ನಿಂತಿದ್ದ. ಆದಿನಾರಾಯಣನ ಗಿರಾಕಿಗಳ ಸೋಫಾಗಳನ್ನು ತನ್ನ ಲಗೇಜ್ ಆಟೋದಲ್ಲಿ ತಂದು, ಕೆಲಸ ಮುಗಿದ ಮೇಲೆ ಮುಟ್ಟಿಸಿ ಬರುವವನು ಅವನೇ.

"ಬುಡಣ್ಣ, ಈಗ್ಯಾಕೆ ಅದು? ಅತ್ತಿಗೇನ ಕರ್ಕೊಂಡು ಬತ್ತಿರೋ ಗಾಡಿ ಪಾವಗಡ ದಾಟೈತಂತೆ."

"ಇದೊಂದೇ ಉಳ್ದಿರಾದು ಕಣೋ," ಎಂದ ಆದಿನಾರಾಯಣ. ದನಿ ದಿನದ ದನಿಯಂತೆಯೇ ಇತ್ತು. ದಾಸಣ್ಣನಿಗೆ ಅದೇ ಹೆದರಿಕೆ ತಂದಿತು.

ಕಲ್ಯಾಣದುರ್ಗದಿಂದ ಫೋನು ಬಂದದ್ದು ಬೆಳಗಿನ ಜಾವ. ತಂಗಿ ಪ್ರಮೀಳಳ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಹೋಗಿದ್ದ ಬನಶಂಕರಮ್ಮ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತಿದ್ದಳಂತೆ. ಎದೆ ಹಿಡಿದಂಗಾಯ್ತದೆ ಅಂದಳಂತೆ. ಕಾಫಿ ಆರುವ ಮೊದಲೇ ಹೋಗಿಬಿಟ್ಟಿದ್ದಳು. ಫೋನು ಇಟ್ಟ ಮೇಲೆ ಆದಿನಾರಾಯಣನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಚಿಲಮತ್ತೂರಿನಲ್ಲಿರುವ ಮಗಳು ಬನಶ್ರೀಗೆ ಸುದ್ದಿ ಮುಟ್ಟಿಸಿದ್ದೂ ದಾಸಣ್ಣನೇ. ಆದಿನಾರಾಯಣನ ಕೈಗಳಿಗೆ ಮಾತ್ರ ತಮ್ಮ ಕೆಲಸ ಗೊತ್ತಿತ್ತು.

ಹೆಂಡತಿಗೆ ಸೊಂಟದ ನೋವು. ತಗ್ಗು ಬಿದ್ದ ಸೀಟಿನಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಊರಲ್ಲಿಲ್ಲದ ಹೊತ್ತು ನೋಡಿ, ಮನೆಯ ಸೋಫಾದ ಮೂರೂ ಸೀಟಿನ ಹಳೆಯ ಹೂರಣ ತೆಗೆದು ಅಂಗಡಿಯಲ್ಲಿದ್ದ ಅತ್ಯುತ್ತಮ ಫೋಮು ತುಂಬಿಬಿಡಬೇಕು, ಬಂದವಳು ಬೆರಗಾಗಬೇಕು ಎಂದುಕೊಂಡಿದ್ದ. ಒಳಗೆ ತುಂಬುವುದಕ್ಕೆಲ್ಲ ಹೂರಣ ಎಂದು ಹೆಸರಿಟ್ಟವಳು ಅವಳೇ. ಹೋಳಿಗೆಗೂ ಸೋಫಾಕ್ಕೂ ಅವಳಿಗೆ ಒಂದೇ ಮಾತು. ನಿನ್ನೆ ಎರಡು ಸೀಟು ಮುಗಿದಿದ್ದವು. ಕಿಟಕಿ ಕಡೆಯದು ಅವಳದು. ಅದನ್ನು ನಿಧಾನವಾಗಿ, ಕೈತುಂಬ ಹೊತ್ತಿಟ್ಟುಕೊಂಡು ಮಾಡೋಣವೆಂದು ಉಳಿಸಿಕೊಂಡಿದ್ದ.

ಈಗ ಅದೂ ಮುಗಿಯಿತು. ಮೂಲೆ ಕೂತಿತು. ಜಿಪ್ ಎಳೆದು, ಅಂಗೈಯಿಂದ ಒತ್ತಿ ನೋಡಿದ. ಒತ್ತಿದಷ್ಟೇ ಬೇಗ ಎದ್ದಿತು. ಅವಳ ಸೀಟಿನಿಂದ ತೆಗೆದ ಹಳೆಯ ಹೂರಣ ಹಿತ್ತಲ ಬಾಗಿಲ ಬಳಿ ಬಿದ್ದಿತ್ತು: ದಪ್ಪ ಕೋರಾ ಬಟ್ಟೆಯ ಚೀಲದಲ್ಲಿ ತುಂಬಿದ ಮಗ್ಗದ ಚಿಂದಿನೂಲು. ಕೂತು ಕೂತು ಗಟ್ಟಿಯಾಗಿ, ನಡುವೆ ತಗ್ಗಾಗಿ, ರೊಟ್ಟಿ ಹಂಚಿನ ಹಾಗಾಗಿತ್ತು. ಅದನ್ನು ಅವನು ಎರಡನೆಯ ಸಲ ತಿರುಗಿ ನೋಡಲಿಲ್ಲ.

ಜನ ಬರತೊಡಗಿದರು. ಮೊದಲು ಬಂದವಳು ಪಕ್ಕದ ಮನೆಯ ಗಂಗುಲಮ್ಮ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, "ಎಂಥಾ ಮಂಚಿ ಮನಿಷಿ, ಎಂಥಾ ಒಳ್ಳೇ ಹೆಂಗ್ಸು ಕಣಪ್ಪ, ದೇವುಡಿಗೆ ಕಣ್ಣಿಲ್ಲ," ಎನ್ನುತ್ತ ಸೋಫಾದ ಮೇಲೆ ಕುಸಿದಳು. ಕುಸಿದವಳು ಒಂದು ಸಲ ಪುಟಿದಳು. ಗಾಬರಿಯಾಗಿ ಎರಡೂ ಕೈ ಊರಿ ಕೂತು, ಅಳು ನಿಲ್ಲಿಸಿ, ಸೀಟನ್ನು ಸವರಿದಳು.

"ಹೊಸಾದು ಹಾಕಿದ್ಯಾ? ಮೆತ್ತಗೈತೆ ಕಣಪ್ಪ."

"ಹೆವಿ ಡೆನ್ಸಿಟಿ," ಎಂದ ಆದಿನಾರಾಯಣ. "ಕೂತು ಎದ್ರೆ ಕೂತಿದ್ದ ಗುರ್ತೇ ಇರಲ್ಲ."

ಗಿರಾಕಿಗಳಿಗೆಲ್ಲ ಹೇಳುವ ಮಾತು ತಾನಾಗಿಯೇ ಬಂದಿತ್ತು. ಗಂಗುಲಮ್ಮ ತಲೆಯಾಡಿಸಿ ಮತ್ತೆ ಅಳು ಮುಂದುವರಿಸಿದಳು.

ಅಷ್ಟರಲ್ಲಿ ಫೋನು. ಪರಿಗಿಯ ಗಿರಾಕಿ, ಸೋಫಾ ಯಾವಾಗ ಕೊಡುತ್ತೀಯೆಂದು ತೆಲುಗಿನಲ್ಲಿ ಕೇಳುತ್ತಿದ್ದ: "ಅನ್ನಾ, ಮಾ ಸೋಫಾ ಎಪ್ಪುಡಿಸ್ತಾವು?"

"ರೇಪು ಇಸ್ತಾನು," ಎಂದ ಆದಿನಾರಾಯಣ. ನಾಳೆ ಕೊಡುತ್ತೇನೆ ಎಂದು ಹೇಳಿ ಫೋನು ಜೇಬಿಗಿಟ್ಟುಕೊಂಡ. ನೆರೆದವರೆಲ್ಲ ಮುಖ ಮುಖ ನೋಡಿಕೊಂಡರು. ಆಗಷ್ಟೇ ಗಂಡನೊಂದಿಗೆ ಬಸ್ಸಿಳಿದು ಬಂದ ಬನಶ್ರೀ ಅಪ್ಪನ ಎರಡೂ ತೋಳು ಹಿಡಿದು ಅಲುಗಾಡಿಸಿದಳು.

"ಅಪ್ಪಾ, ಒಂದ್ಸಲ ಅತ್ಬುಡು. ಹಿಂಗಿರಬ್ಯಾಡ."

"ಬತ್ತಿಲ್ಲ ಕಣಮ್ಮ," ಎಂದ. ಸುಳ್ಳು ಹೇಳಲಿಲ್ಲ. ಅಳಬೇಕು ಎಂಬುದು ಅವನಿಗೂ ಗೊತ್ತಿತ್ತು. ಮರಗಟ್ಟಿದ ಕಾಲಿನ ಮೇಲೆ ಯಾರೋ ನಿಂತಿದ್ದಾರೆ ಎಂದು ಕಣ್ಣಿಗೆ ಕಂಡರೂ ನೋವಾಗದಂತೆ, ಅಷ್ಟೇ.

*

ಆ ಮನೆಯ ಕಸುಬಿಗೊಂದು ರಿವಾಜಿತ್ತು. ಫೋಮು ಕತ್ತರಿಸಿ ತುಂಬುವುದು ಅವನ ಕೆಲಸ, ಗವಸು ಹೊಲಿದು ಜಿಪ್ ಹಾಕುವುದು ಅವಳ ಕೆಲಸ. ಎಲ್ಲ ಮುಗಿದ ಮೇಲೆ, ದಾಸಣ್ಣನ ಆಟೋ ಏರುವ ಮೊದಲು, ಅವಳು ಒಂದೊಂದು ಸೀಟಿನ ಮೇಲೂ ಕೂತು ನೋಡಬೇಕು. ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವಳಂತೆ ಗಂಭೀರವಾಗಿ ಕೂರುತ್ತಿದ್ದಳು. ಸ್ವಲ್ಪ ಎಡಕ್ಕೆ ಜರುಗುವಳು, ಸ್ವಲ್ಪ ಬಲಕ್ಕೆ. ಆಮೇಲೆ ತೀರ್ಪು.

"ಎಡಗಡೆ ತಗ್ಗೈತೆ."

"ಇಲ್ಲ ಕಣೇ, ಟೇಪು ಹಿಡ್ದು ಕತ್ತರ್ಸಿವ್ನಿ."

"ಟೇಪು ಕೂತ್ಕೊಂಡಿತ್ತಾ?"

ಅವನು ಗೊಣಗುತ್ತ ಜಿಪ್ ಬಿಚ್ಚುತ್ತಿದ್ದ. ಬಿಚ್ಚಿದರೆ ಎಡಗಡೆ ಫೋಮು ಮಡಚಿಕೊಂಡಿರುತ್ತಿತ್ತು. ಒಂದೊಂದು ಸಲ ಏನೂ ಆಗಿರುತ್ತಿರಲಿಲ್ಲ, ಆಗ ಅವನದೇ ಮೇಲುಗೈ, ಆವತ್ತು ರಾತ್ರಿ ಊಟಕ್ಕೆ ಹಪ್ಪಳ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಏನೇ ಆಗಲಿ, ಅವಳು ಕೂತು "ಸರಿ" ಅನ್ನುವವರೆಗೆ ಯಾವ ಸೋಫಾವೂ ಅಂಗಳ ದಾಟುತ್ತಿರಲಿಲ್ಲ. ಹುಣಸೆ ಮಂಡಿ ಸಾಹುಕಾರರ ಮನೆಯದಾದರೂ ಅಷ್ಟೇ, ಬಸ್ ಸ್ಟ್ಯಾಂಡಿನ ಲಾಡ್ಜಿನದಾದರೂ ಅಷ್ಟೇ. ಊರಿನ ದೊಡ್ಡವರೆಲ್ಲ ಕಾಲ ಮೇಲೆ ಕಾಲು ಹಾಕಿ ಕೂರುವ ಸೀಟುಗಳ ಮೇಲೆ ಮೊದಲು ಕೂತವಳು ತಾನು ಎಂದು ಬನಶಂಕರಮ್ಮನಿಗೆ ಒಳಗೊಳಗೇ ನಗು. ಮದುವೆ ಛತ್ರದಲ್ಲಿ ಯಾರಾದರೂ ಬಿಂಕ ಮಾಡಿದರೆ ಅವನ ಕಿವಿಯಲ್ಲಿ, "ಅವಮ್ಮನ ಸೋಫಾ ನಾನು ಕೂತು ಬುಟ್ಟಿದ್ದು," ಎನ್ನುತ್ತಿದ್ದಳು.

*

ಗಾಡಿ ಬಂದಾಗ ನೆತ್ತಿಯ ಮೇಲೆ ಬಿಸಿಲು. ಹಿಂದಿನ ಬಾಗಿಲು ತೆರೆದರೆ ಅಕ್ಕತಂಗಿಯರು ಒಟ್ಟಿಗೆ ಕೂತಿದ್ದರು. ಆದಿನಾರಾಯಣನದು ನೇಯ್ಗೆಯವರ ಕುಲ, ಅವರಲ್ಲಿ ಲಿಂಗ ಕಟ್ಟಿಕೊಂಡ ಮನೆಗಳವರು ಸತ್ತವರನ್ನು ಮಲಗಿಸುವುದಿಲ್ಲ. ಮೈ ಬೆಚ್ಚಗಿರುವಾಗಲೇ ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ. ಕೂತೇ ಹೊರಡಬೇಕು, ಕೂತೇ ಮಣ್ಣು ಸೇರಬೇಕು. ಕಲ್ಯಾಣದುರ್ಗದಿಂದ ಇಲ್ಲಿಯವರೆಗೆ ಪ್ರಮೀಳಾ ಅಕ್ಕನನ್ನು ಹೆಗಲಿಗೆ ಒರಗಿಸಿಕೊಂಡು, ಪ್ರತಿ ತಿರುವಿನಲ್ಲೂ ತಬ್ಬಿ ಹಿಡಿದುಕೊಂಡು ಬಂದಿದ್ದಳು. ಇಳಿಯುವಾಗ ಅವಳ ತೋಳು ಮಡಿಸಿದಂತೆಯೇ ನಿಂತುಬಿಟ್ಟಿತ್ತು.

"ಬಾವಾ, ದಾರಿ ಉದ್ದಕ್ಕೂ ವಾಲ್ತಾನೇ ಇದ್ಳು," ಎಂದಳು. ಬೇರೇನೂ ಹೇಳಲಾರದೆ ಅದನ್ನೇ ಇನ್ನೊಮ್ಮೆ ಹೇಳಿದಳು.

ಒಳಗಿನಿಂದ ಮುನೆಪ್ಪ ಬಂದ. ಅವರ ಮಂದಿಯಲ್ಲಿ ಹಿರಿಯ. ಮದುವೆಗೆ ಕರೆದರೆ ಬರುವವನು, ಸಾವಿಗೆ ಕರೆಯದೆ ಬರುವವನು. ಶಾಸ್ತ್ರ ಒಂದೆಳೆ ತಪ್ಪಲು ಬಿಡುವುದಿಲ್ಲ.

"ಮುತ್ತೈದೆ ಸಾವು. ತವರಿನ ಸೀರೆ ತಂದ್ಯೇನಮ್ಮ?"

"ತಂದಿವ್ನಿ. ಅಂಗ್ಡೀದು. ಅಪ್ಪನ ಮಗ್ಗ ನಿಂತೋಗಿ ಎಷ್ಟು ಕಾಲ ಆಯ್ತು."

"ಅಂಗ್ಡೀದೋ ಮಗ್ಗದ್ದೋ, ತವರು ಕೊಟ್ಟಿದ್ದು ತವರು ಕೊಟ್ಟಿದ್ದೇ. ಮುತ್ತೈದೆ ಮಣ್ಣಿಗೆ ಹೋಗಾವಾಗ ಅದನ್ನ ಬ್ಯಾಡ ಅನ್ನಕೆ ಗಂಡನಿಗೂ ಹಕ್ಕಿಲ್ಲ, ನಂಗೂ ಹಕ್ಕಿಲ್ಲ," ಎಂದು ಮುನೆಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. "ಸರಿ, ಚಾಪೆ ಹಾಸಿ ಗೋಡೆಗೆ ಒರಗ್ಸಿ ಕೂರ್ಸ್ರಪ್ಪ."

"ಸೋಫಾ ಮೇಲೆ ಕೂರ್ಸಿ," ಎಂದ ಆದಿನಾರಾಯಣ.

"ಏನಂದೆ?"

"ಕಿಟಕಿ ಕಡೆ ಸೀಟ್ನಾಗೆ."

"ಲೇ ಆದಿ, ಸತ್ತೋರ್ನ ಕೂರ್ಸಿದ ಸಾಮಾನು ಮನೇಲಿ ಇಟ್ಕೊಳ್ಳಂಗಿಲ್ಲ ಕಣ್ಲಾ. ನಾಳೆ ಅದನ್ನ ಹೊರಗಾಕ್ಬೇಕಾಯ್ತದೆ."

"ಹಾಕಾನ."

"ಹೊಸಾ ಫೋಮು ಅಂತಾವ್ರೆ!"

"ಅವ್ಳು ಇನ್ನೂ ಕೂತು ನೋಡಿಲ್ಲ ಮುನೆಪ್ಪಣ್ಣ."

ಹಾಸಲು ತಂದ ಚಾಪೆಯನ್ನು ಮುನೆಪ್ಪ ತಾನೇ ಸುತ್ತಿಟ್ಟ. ದಾಸಣ್ಣ ಒಂದು ಕಡೆ, ಅಳಿಯ ಒಂದು ಕಡೆ ಹಿಡಿದು ಬನಶಂಕರಮ್ಮನನ್ನು ಎತ್ತಿ ಅವಳ ಸೀಟಿನಲ್ಲಿ ಕೂರಿಸಿದರು. ಕೈ ಬಿಟ್ಟ ಕೂಡಲೇ ಎಡಕ್ಕೆ ವಾಲಿದಳು. ನೇರ ಮಾಡಿದರು. ಬಲಕ್ಕೆ ವಾಲಿದಳು. ಎಲ್ಲಿ ಒತ್ತಿದರೂ ಮೇಲಕ್ಕೆ ತಳ್ಳುವ ಫೋಮು. ಅವಳನ್ನು ಕೂರಲು ಬಿಡುತ್ತಿರಲಿಲ್ಲ. ಕಡೆಗೆ ಒಂದು ಬಿಳಿ ಪಂಚೆಯನ್ನು ಅವಳ ಎದೆಗೆ ಸುತ್ತಿ ಸೋಫಾದ ಬೆನ್ನಿಗೆ ಕಟ್ಟಿದರು. ತವರಿನ ಸೀರೆ ಹೊದಿಸಿ, ಹೂವು ಮುಡಿಸಿ, ಅರಿಶಿನ ಕುಂಕುಮ ಹಚ್ಚಿದರು. ಬನಶ್ರೀ ಅಮ್ಮನ ಮೊಣಕಾಲಿನ ಮೇಲೆ ತಲೆಯಿಟ್ಟು ಗೋಳಾಡಿದಳು.

ಆದಿನಾರಾಯಣ ಎದುರಿಗೆ ನಿಂತಿದ್ದ. ಕೈ ಕಟ್ಟಿಕೊಂಡು, ತಲೆ ಸ್ವಲ್ಪ ಓರೆ ಮಾಡಿಕೊಂಡು, ಅವಳು ಗಿರಾಕಿಗಳ ಸೀಟು ಪರೀಕ್ಷಿಸುವಾಗ ನಿಲ್ಲುತ್ತಿದ್ದ ಹಾಗೇ. ಬರುವುದಿಲ್ಲ ಎಂದು ಗೊತ್ತಿದ್ದೂ ಅವನು ಒಂದು ಮಾತಿಗಾಗಿ ಕಾದ. ಎಡಗಡೆ ತಗ್ಗೈತೆ ಅಂದಿದ್ದರೂ ಸಾಕಿತ್ತು.

ಕೂರಿಸಿ ಹೊರುವ ಬಿದಿರಿನ ವಿಮಾನ ಸಿದ್ಧವಾಯಿತು ಎಂದು ಅಂಗಳದಿಂದ ಕೂಗಿದರು. ಪಂಚೆ ಬಿಚ್ಚಿ ಅವಳನ್ನು ಎತ್ತಿಕೊಂಡು ಹೋದರು. ಆದಿನಾರಾಯಣ ಅವಳ ಹಿಂದೆ ಹೋಗಲಿಲ್ಲ, ಸೀಟನ್ನು ನೋಡುತ್ತಿದ್ದ. ಕುಶನ್ನು ಉಸಿರೆಳೆದುಕೊಂಡಂತೆ ಮೇಲೆದ್ದು ಸಪಾಟಾಗಿ ನಿಂತಿತು. ಒಂದು ಸುಕ್ಕಿಲ್ಲ. ಮಾಲು ಒಳ್ಳೆಯದೇ ಆಗಿತ್ತು.

ಆಗ ಅವನಿಗೆ ಹಿತ್ತಲಿನದು ನೆನಪಾಯಿತು. ಹೋಗಿ ನೋಡಿದರೆ ಬಾಗಿಲ ಬಳಿ ಏನೂ ಇರಲಿಲ್ಲ.

"ದಾಸಣ್ಣ, ಇಲ್ಲಿ ಹಳೇ ಹೂರಣ ಇತ್ತಲ್ಲ?"

"ಅತ್ತಿಗೇದು ಹಾಸಿಗೆ ದಿಂಬು ಎಲ್ಲಾ ಗುಂಡಿ ತಾವ್ಕೆ ಸಾಗ್ಸು ಅಂದ್ರು ಮುನೆಪ್ಪಣ್ಣ. ಅದರ್ ಜೊತೇಲಿ ಅದೂ ಹೋಯ್ತು. ಕಸ ಅಲ್ವಾ?"

"ಹೂಂ," ಎಂದ ಆದಿನಾರಾಯಣ. "ಕಸಾನೇ."

*

ಮದುವೆಯಾದ ಹೊಸತರಲ್ಲಿ ಆದಿನಾರಾಯಣ ಹಳೇ ಸಾಮಾನಿನವನ ಹತ್ತಿರ ಬರೀ ಮರದ ಚೌಕಟ್ಟಿನ ಸೋಫಾ ಕೊಂಡು ತಂದಿದ್ದ. ಮೇಲೆ ಕೂರಲು ಏನೂ ಇರಲಿಲ್ಲ. ಸುದ್ದಿ ಕಲ್ಯಾಣದುರ್ಗಕ್ಕೆ ಮುಟ್ಟಿದ್ದೇ ತಡ, ಮಾವ ಬಸ್ಸಿನ ಮೇಲೆ ಮೂಟೆ ಹೇರಿಕೊಂಡು ಬಂದಿಳಿದ. ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಗುಣಿಮಗ್ಗದಲ್ಲಿ ಸೀರೆ ನೇಯುವಾಗ ಕಡಿದು ಬಿಸಾಡುವ ಎಳೆಗಳು, ಕೆಂಪು, ಹಸಿರು, ಸಾಸಿವೆ ಬಣ್ಣ, ಎಲ್ಲ ಕೂಡಿಟ್ಟದ್ದು. "ಮಗಳು ಹಲಗೆ ಮ್ಯಾಲೆ ಕೂತವ್ಳೆ ಅಂದ್ರೆ ನಂಗೆ ಅಲ್ಲಿ ಗುಣೀಲಿ ಕೂರಕಾಯ್ತದಾ?" ಎಂದ ಮಾವ. ಬನಶಂಕರಮ್ಮ ಆ ಎಳೆಗಳನ್ನೆಲ್ಲ ಕೈಯಲ್ಲೇ ಬಿಡಿಸಿ, ಕೋರಾ ಬಟ್ಟೆಯ ಚೀಲ ಹೊಲಿದು ತುಂಬಿದಳು.

ಆಮೇಲೆ ಆದಿನಾರಾಯಣನ ಮಗ್ಗವೂ ನಿಂತು, ಅವನು ಫೋಮಿನ ಕಸುಬಿಗೆ ಬಿದ್ದ. ಊರಿಗೆಲ್ಲ ಮೆತ್ತೆ ಹಾಕುವವನ ಮನೆಯಲ್ಲಿ ಮಾತ್ರ ಚಿಂದಿನೂಲು. ಗಿರಾಕಿಗಳು ನೋಡಿದರೆ ನಗುತ್ತಾರೆ, ತೆಗೆಯೋಣ ಎಂದು ಆಗಾಗ ಕೇಳುತ್ತಿದ್ದ.

"ನಿಮ್ ಫೋಮು ಬ್ಯಾಡ್ರಿ," ಎನ್ನುತ್ತಿದ್ದಳು ಅವಳು, ತನ್ನ ಸೀಟಿನಲ್ಲಿ ಕೂತು ಬಲಕ್ಕಿದ್ದ ಹೊಲಿಗೆ ಮಿಷನ್ನಿನ ಕಡೆ ವಾಲಿಕೊಂಡು ದಾರ ಕಚ್ಚಿ ಹರಿಯುತ್ತ. "ಎದ್ದ ತಕ್ಷಣ ಮರ್ತ್ಬುಡ್ತೈತೆ. ಇದು ನನ್ನ ಕಂಡಿರೋ ಸೀಟು."

ಮೊನ್ನೆ ಬಸ್ಸು ಹತ್ತಿಸುವಾಗಲೂ ಅವಳು ಕಿಟಕಿಯ ಪಕ್ಕದ ಸೀಟು ಹಿಡಿದು, ಒಮ್ಮೆ ಜರುಗಿ ನೋಡಿ, "ತಗ್ಗೈತೆ," ಎಂದು ಕೆಳಗೆ ನಿಂತಿದ್ದ ಅವನತ್ತ ಮುಖ ಸಿಂಡರಿಸಿದ್ದಳು. ಅವನು ನಕ್ಕಿದ್ದ. ಬಸ್ಸು ಹೊರಟಿತ್ತು.

*

ಪರಿಗಿ ರಸ್ತೆಯ ಆಚೆ ಅವರ ಮಂದಿಯ ಮಣ್ಣಿನ ಜಾಗ. ಗುಂಡಿ ತೋಡಿ, ಅದರ ಒಂದು ಬದಿಗೆ ಗೂಡು ಕೊರೆದಿದ್ದರು. ಬನಶಂಕರಮ್ಮನನ್ನು ಅದರೊಳಗೆ ಪಶ್ಚಿಮದ ಇಳಿಬಿಸಿಲಲ್ಲಿ ಇಳಿಸಿದರು. ಅಳಿಯ, ದಾಸಣ್ಣ ಇಬ್ಬರೂ ಒಳಗಿಳಿದು ಹಿಡಿದಿದ್ದರು. ಕೈ ಸಡಿಲಿಸಿದರೆ ಅಲ್ಲಿಯೂ ವಾಲಿದಳು. ಗೂಡಿನ ನೆಲ ಗಟ್ಟಿ ಗೊರಚು ಕಲ್ಲುಮಣ್ಣು, ಮಟ್ಟವಿರಲಿಲ್ಲ.

"ಹಂಗೇ ಹಿಡ್ಕೊಂಡಿರ್ರಿ," ಎಂದ ಮುನೆಪ್ಪ ಮೇಲಿನಿಂದ. "ಸುತ್ತ ಮಣ್ಣು ಬಿದ್ರೆ ತಾನೇ ನಿಲ್ತಾಳೆ."

"ಅಯ್ಯೋ, ಗಾಡೀಲೂ ಹಿಂಗೇ," ಎಂದು ಪ್ರಮೀಳಾ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗಿನಿಂದ ಮಡಿಸಿದಂತೆಯೇ ಇದ್ದ ತೋಳು ತಾನಾಗಿ ಮುಂದಕ್ಕೆ ಬಂತು.

ಆದಿನಾರಾಯಣ ಅತ್ತಿತ್ತ ನೋಡಿದ. ಜಾಲಿ ಪೊದೆಯ ಬುಡದಲ್ಲಿ ಅವಳ ಚಾಪೆ, ದಿಂಬು, ಹಳೆಯ ಕಂಬಳಿ ಬಿಸಾಡಿದ್ದರು. ಎಲ್ಲದರ ಮೇಲೆ ಆ ಹೂರಣ. ಆಟೋದಲ್ಲಿ ಕುಲುಕಿ, ಎತ್ತಿ ಎಸೆದರೂ ತಗ್ಗು ಹಾಗೇ ಇತ್ತು. ಚೀಲದ ಹೊಲಿಗೆ ಒಂದು ಕಡೆ ಬಿಟ್ಟು ಸಾಸಿವೆ ಬಣ್ಣದ ಎಳೆಗಳು ಹೊರಗೆ ಇಣುಕುತ್ತಿದ್ದವು. ಅವನು ನಡೆದು ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬೆಳಿಗ್ಗೆ ತೆಗೆದು ಹಾಕುವಾಗ ಅದು ಇಷ್ಟು ಭಾರವಿತ್ತೆಂದು ಗೊತ್ತಾಗಿರಲಿಲ್ಲ.

"ಲೇ, ಲೇ ಆದಿ!" ಮುನೆಪ್ಪ ಅಡ್ಡ ಬಂದ. "ಹೊರಗೆ ಹಾಕಿದ್ದನ್ನ ತಿರ್ಗಾ ಮುಟ್ಟಬಾರ್ದು. ಅದೂ ಗುಂಡಿ ಒಳಕ್ಕಾ? ಶಾಸ್ತ್ರದಾಗಿಲ್ಲ."

ಆದಿನಾರಾಯಣ ಹೂರಣವನ್ನು ಎದೆಗೆ ಒತ್ತಿಕೊಂಡ. ನಿಂತೇ ಇದ್ದ. ಅವನು ಜಗಳವಾಡಿದ್ದರೆ ಮುನೆಪ್ಪ ಗೆಲ್ಲುತ್ತಿದ್ದನೋ ಏನೋ.

ಪ್ರಮೀಳಾ ಹತ್ತಿರ ಬಂದಳು. ಹೊರಗೆ ಇಣುಕಿದ್ದ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡು ನೋಡಿದಳು.

"ಇದು ನಮ್ಮಪ್ಪನ ಮಗ್ಗದ ನೂಲು," ಎಂದಳು. "ತವರಿಂದು."

ಮುನೆಪ್ಪ ಗಂಟಲು ಸರಿಮಾಡಿಕೊಂಡ. ಮಧ್ಯಾಹ್ನ ತಾನೇ ಹೇಳಿದ ಮಾತು ತನ್ನೆದುರಿಗೇ ಬಂದು ನಿಂತಿತ್ತು. ಕಡೆಗೆ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಇಳಿ ಮತ್ತೆ, ಹುಷಾರು," ಎಂದು ಆದಿನಾರಾಯಣನಿಗೆ ಇಳಿಯಲು ಕೈ ಕೊಟ್ಟ.

ಗುಂಡಿಯೊಳಗೆ ತಂಪಿತ್ತು. ದಾಸಣ್ಣನೂ ಅಳಿಯನೂ ಅವಳನ್ನು ಚೂರು ಎತ್ತಿ ಹಿಡಿದರು. ಆದಿನಾರಾಯಣ ಮೊಣಕಾಲೂರಿ ಹೂರಣವನ್ನು ಗೂಡಿನ ನೆಲಕ್ಕೆ ಹಾಸಿದ.

"ಇದರ ಮುಂಭಾಗ ಯಾವ ಕಡೆ ಅಣ್ಣ?" ಎಂದ ದಾಸಣ್ಣ ಪಿಸುದನಿಯಲ್ಲಿ.

"ತಡಿ." ಆದಿನಾರಾಯಣ ಅಂಗೈಯಿಂದ ಸವರಿ ನೋಡಿದ. ಮಿಷನ್ನಿನ ಕಡೆ ವಾಲಿ ವಾಲಿ ಬಲಗಡೆ ಹೆಚ್ಚು ತಗ್ಗಾಗಿತ್ತು. ಅದನ್ನು ತಿರುಗಿಸಿ, ತಗ್ಗನ್ನು ಬಲಕ್ಕೆ ತಂದು, ರೂಢಿಯಂತೆ ಒಮ್ಮೆ ಒತ್ತಿದ. ಅದು ಏಳಲಿಲ್ಲ.

"ಈಗ ಕೂರ್ಸಿ," ಎಂದ.

ಕೂರಿಸಿದರು. ತೊಡೆ, ಸೊಂಟ ಒಂದೊಂದೂ ತಂತಮ್ಮ ಜಾಗ ಹುಡುಕಿಕೊಂಡಂತೆ ಇಳಿದವು. ಮೊದಲು ಅಳಿಯ ಕೈ ತೆಗೆದ. ದಾಸಣ್ಣ ಇನ್ನೂ ಹೆದರಿ ಬೆರಳ ತುದಿಯಲ್ಲಿ ಭುಜ ಹಿಡಿದಿದ್ದ.

"ಬುಡು," ಎಂದ ಆದಿನಾರಾಯಣ.

ದಾಸಣ್ಣ ಬಿಟ್ಟ. ಮೇಲೆ ನಿಂತವರು ಬಗ್ಗಿ ನೋಡುತ್ತಿದ್ದರು. ಪ್ರಮೀಳಾ ಬೆಳಗಿನಿಂದ ಮಡಿಸಿಕೊಂಡೇ ಇದ್ದ ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು. ಬನಶಂಕರಮ್ಮ ವಾಲಲಿಲ್ಲ.